ಪಿಡಿಎಫ್ ಒತ್ತಿದ್ರೆ ಜಿಂಪ್ ಓಪನ್ ಆಗುತ್ತೆ, ಡಿಫಾಲ್ಟ್ ಬದಲಾಯಿಸಿದ್ರೂ ನಿಲ್ತಿಲ್ಲ

ಜೆರಾಕ್ಸ್‌ಅಂಗಡಿ:
ಎಲ್ರಿಗೂ ನಮಸ್ಕಾರ. ವಿಜಯನಗರದಲ್ಲಿ ಚಿಕ್ಕದೊಂದು ಜೆರಾಕ್ಸ್ ಅಂಗಡಿ ನಂದು. ಹಳೇ ಕಂಪ್ಯೂಟರು, 4 ಜಿಬಿ ರ‍್ಯಾಮು, ಲಿನಕ್ಸ್ ಮಿಂಟ್ 21.3, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಹಾಕಿದೀನಿ, ಫೈಲ್ ಮ್ಯಾನೇಜರ್ ಥುನಾರ್. ಗಿರಾಕಿಗಳು ವಾಟ್ಸಾಪಲ್ಲಿ ಪಹಣಿ, ಹಾಲ್ ಟಿಕೆಟ್ಟು, ಆಧಾರು ಎಲ್ಲಾ ಪಿಡಿಎಫ್ ಕಳಿಸ್ತಾರೆ, ಡಬಲ್ ಕ್ಲಿಕ್ ಮಾಡಿದ್ರೆ ಎಕ್ಸ್‌ರೀಡರ್ (ಪಿಡಿಎಫ್ ಓದೋ ಆ್ಯಪು) ಬದ್ಲು ಜಿಂಪ್ (ಫೋಟೋ ಎಡಿಟ್ ಮಾಡೋದು) ಬರುತ್ತೆ, ಅದು ಎದ್ದು ಕೂರೋಕೇ ಅರ್ಧ ನಿಮಿಷ, ಆಮೇಲೆ ಯಾವ ಪೇಜ್ ಬೇಕು ರೆಸಲ್ಯೂಶನ್ ಎಷ್ಟು ಅಂತ ಒಂದು ಡಬ್ಬಿ ಬೇರೆ, ಅಷ್ಟೊತ್ತಿಗೆ ಹಿಂದೆ ನಿಂತಿರೋ ಹುಡುಗ್ರು "ಅಂಕಲ್ ಬೇಗ" ಅಂತ ಶುರು ಮಾಡ್ತಾರೆ.

ರೈಟ್ ಕ್ಲಿಕ್, ಪ್ರಾಪರ್ಟೀಸ್, ಓಪನ್ ವಿತ್ ಅಲ್ಲಿ ಎಕ್ಸ್‌ರೀಡರ್ ಆರಿಸಿ ಕ್ಲೋಸ್ ಮಾಡ್ತೀನಿ, ಮತ್ತೆ ತೆಗೆದು ನೋಡಿದ್ರೆ ಅಲ್ಲಿ ಜಿಂಪೇ ಕೂತಿರುತ್ತೆ. ಹತ್ತು ಸಲ ಮಾಡಿದೀನಿ, ರೀಸ್ಟಾರ್ಟೂ ಆಯ್ತು. ತಲೆ ಕೆಟ್ಟೋಗಿದೆ.

ತರ್ಲೆಪೆಂಗ್ವಿನ್:
ಜಿಂಪ್ ಕಿತ್ತಾಕಿ ಅಣ್ಣ, ಕಥೆ ಮುಗೀತು 😄

ಜೆರಾಕ್ಸ್‌ಅಂಗಡಿ:
ಪಾಸ್‌ಪೋರ್ಟ್ ಸೈಜ್ ಫೋಟೋ ಎಲ್ಲಾ ಅದ್ರಲ್ಲೇ ಕಟ್ ಮಾಡೋದು ಗುರೂ. ಪಿಡಿಎಫ್‌ಗಿಂತ ಅದ್ರಲ್ಲೇ ನಾಲ್ಕು ಕಾಸು ಬರೋದು.

ಬನಶಂಕರಿ_ಬಗ್:
ಯಾವಾಗಾದ್ರೂ ಸೂಡೋ (ಅಡ್ಮಿನ್ ಅಧಿಕಾರ ಕೊಡೋ ಕಮ್ಯಾಂಡು) ಹಾಕಿ ಏನಾದ್ರೂ ಮಾಡಿದ್ರಾ? ಹೋಮ್ ಒಳಗಿನ ಕಾನ್ಫಿಗ್ ಫೋಲ್ಡರ್ ರೂಟ್ ಅಂದ್ರೆ ಅಡ್ಮಿನ್ ಹೆಸರಿಗೆ ಹೋಗಿದ್ರೆ ಸೆಟ್ಟಿಂಗ್ ಸೇವ್ ಆಗಲ್ಲ. ಥುನಾರಲ್ಲಿ ಕಂಟ್ರೋಲ್ ಎಚ್ ಒತ್ತಿ, ಅಡಗಿರೋ ಫೋಲ್ಡರ್‌ಗಳು ಕಾಣ್ತವೆ, ಡಾಟ್ ಕಾನ್ಫಿಗ್ ಮೇಲೆ ಪ್ರಾಪರ್ಟೀಸ್ ತೆಗೆದು ಪರ್ಮಿಶನ್ಸ್ ಅಲ್ಲಿ ಓನರ್ ಯಾರು ಅಂತ ನೋಡಿ.

ಜೆರಾಕ್ಸ್‌ಅಂಗಡಿ:
ನೋಡಿದೆ ಸರ್, ಓನರ್ ನಾನೇ.

ಹಳೇಟರ್ಮಿನಲ್:
ಹಂಗಾದ್ರೆ ಸೇವ್ ಆಗ್ತಿದೆ, ಅದನ್ನ ಇನ್ಯಾವುದೋ ಮೀರಿಸ್ತಿದೆ ಅಂತ ನನ್ನ ಗುಮಾನಿ. ಎರಡು ಕಡೆ ಚೆಕ್ ಮಾಡಿ. (ಫೋನಲ್ಲಿ ಬರೀತಿದೀನಿ, ಕೀಬೋರ್ಡ್ ಬದಲಾಯಿಸೋಕೆ ಸೋಮಾರಿತನ, ಕಮ್ಯಾಂಡು ನೀವು ಇಂಗ್ಲಿಷಲ್ಲೇ ಹೊಡೀರಿ.)

ಮೊದಲು ಡಾಟ್ ಕಾನ್ಫಿಗ್ ಒಳಗೆ ಮೈಮ್‌ಆಪ್ಸ್ ಡಾಟ್ ಲಿಸ್ಟ್ ಅಂತ ಫೈಲ್ ಇರುತ್ತೆ, ಯಾವ ಥರದ ಫೈಲಿಗೆ ಯಾವ ಆ್ಯಪ್ ಅನ್ನೋ ಪಟ್ಟಿ, ಅದನ್ನ ಟೆಕ್ಸ್ಟ್ ಎಡಿಟರಲ್ಲಿ ತೆಗೀರಿ. ಆಮೇಲೆ ಟರ್ಮಿನಲ್ಲಲ್ಲಿ ಜಿಐಓ ಸ್ಪೇಸ್ ಮೈಮ್ ಸ್ಪೇಸ್ ಅಪ್ಲಿಕೇಶನ್/ಪಿಡಿಎಫ್ ಅಂತ ಹೊಡೀರಿ, ಪಿಡಿಎಫ್‌ಗೆ ಸಿಸ್ಟಮ್ ಈಗ ಯಾವ ಆ್ಯಪ್ ಅಂತಿದೆ ಅಂತ ಹೇಳುತ್ತೆ. ಥುನಾರ್ ನೋಡೋದೂ ಅದೇ ಲೆಕ್ಕಾನೇ. ಎರಡೂ ಒಂದೇ ಹೇಳ್ತವಾ?

ಜೆರಾಕ್ಸ್‌ಅಂಗಡಿ:
ಇಲ್ಲ ಸರ್! ಫೈಲಲ್ಲಿ ಡಿಫಾಲ್ಟ್ ಅಪ್ಲಿಕೇಶನ್ಸ್ ಕೆಳಗೆ ಪಿಡಿಎಫ್ ಎದುರು ಎಕ್ಸ್‌ರೀಡರ್ ಡಾಟ್ ಡೆಸ್ಕ್‌ಟಾಪ್ ಅಂತಾನೇ ಇದೆ. ಟರ್ಮಿನಲ್ ಮಾತ್ರ ಜಿಂಪ್ ಅಂತಿದೆ.

ಹಳೇಟರ್ಮಿನಲ್:
ಸಿಕ್ತು. ಅದೇ ಫೋಲ್ಡರಲ್ಲಿ ಎಕ್ಸ್‌ಎಫ್‌ಸಿಇ ಹೈಫನ್ ಮೈಮ್‌ಆಪ್ಸ್ ಡಾಟ್ ಲಿಸ್ಟ್ ಅಂತ ಇನ್ನೊಂದು ಫೈಲ್ ಇರಬೇಕು ನೋಡಿ. ಡೆಸ್ಕ್‌ಟಾಪ್ ಹೆಸರು ಮುಂದೆ ಇರೋ ಫೈಲನ್ನ ಸಿಸ್ಟಮ್ ಮೊದಲು ಓದುತ್ತೆ, ಅದ್ರಲ್ಲಿ ಉತ್ತರ ಸಿಕ್ಕಿದ್ರೆ ಮಾಮೂಲಿ ಫೈಲನ್ನ ಕೇಳೋದೇ ಇಲ್ಲ. ಆದ್ರೆ ನೀವು ಮೌಸಲ್ಲಿ ಬದಲಾಯಿಸಿದ್ದು ಹೋಗಿ ಬರೆಯೋದು ಮಾಮೂಲಿ ಫೈಲಿಗೆ. ಓದೋದು ಒಂದು ಕಡೆ, ಬರೆಯೋದು ಇನ್ನೊಂದು ಕಡೆ, ಅದಕ್ಕೇ ಹತ್ತು ಸಲ ಮಾಡಿದ್ರೂ ಅಷ್ಟೇ ನೂರು ಸಲ ಮಾಡಿದ್ರೂ ಅಷ್ಟೇ. ನಿಮ್ಮ ತಪ್ಪಿಲ್ಲ, ಒಂದು ಎಚ್ಚರಿಕೆ ಮಾತೂ ತೋರಿಸಲ್ವಲ್ಲ ಅದು, ನಂಗೂ ಅದೇ ಸಿಟ್ಟು.

ಈ ಫೈಲ್ ತಾನಾಗೇ ಹುಟ್ಟಲ್ಲ, ಯಾರೋ ಕೈಯಾರೆ ಹಾಕಿದಾರೆ.

ಜೆರಾಕ್ಸ್‌ಅಂಗಡಿ:
ಇದೆ ಸರ್!! ಒಳಗೆ ಇಪ್ಪತ್ತು ಸಾಲು, ಜೆಪೆಗ್, ಪಿಎನ್‌ಜಿ, ಪೋಸ್ಟ್‌ಸ್ಕ್ರಿಪ್ಟ್ (ಪಿಡಿಎಫ್ ಥರದ್ದೇ ಪ್ರಿಂಟ್ ಫೈಲು), ಪಿಡಿಎಫ್, ಎಲ್ಲಾದ್ರ ಎದುರೂ ಜಿಂಪ್. ಇದು ಅಕ್ಕನ ಮಗನ ಕೆಲ್ಸ. ಫೋಟೋ ಎಲ್ಲಾ ಜಿಂಪಲ್ಲೇ ತೆಗೀಲಿ ಅಂತ ನಾನೇ ಹೇಳಿದ್ದೆ, ಫೋನ್ ಮಾಡಿದ್ರೆ "ಮಾಮ, ನಾನು ಪಿಡಿಎಫ್ ಮುಟ್ಟೇ ಇಲ್ಲ" ಅಂತಾನೆ.

ಹಳೇಟರ್ಮಿನಲ್:
ಪಾಪ, ಹುಡುಗ ಸುಳ್ಳು ಹೇಳ್ತಿಲ್ಲ ಅನ್ಸುತ್ತೆ. ಜಿಂಪ್‌ನ ಡಾಟ್ ಡೆಸ್ಕ್‌ಟಾಪ್ ಫೈಲಲ್ಲಿ ತಾನು ಏನೇನು ತೆಗೀಬಲ್ಲೆ ಅಂತ ಉದ್ದಕ್ಕೆ ಮೈಮ್‌ಟೈಪ್ ಪಟ್ಟಿ ಇರುತ್ತೆ, ಅದ್ರಲ್ಲಿ ಪಿಡಿಎಫ್ಫೂ ಉಂಟು. ಪಟ್ಟಿ ಪೂರ್ತಿ ಕಾಪಿ ಹೊಡೆದಿದಾನೆ.

ಫೈಲ್ ಡಿಲೀಟ್ ಮಾಡ್ಬೇಡಿ, ಫೋಟೋಗಳು ಜಿಂಪಲ್ಲಿ ಬರೋದು ನಿಮಗೆ ಬೇಕಲ್ಲ. ಒಂದು ಕಾಪಿ ಎತ್ತಿಟ್ಕೊಂಡು ಪಿಡಿಎಫ್ ಸಾಲು, ಪೋಸ್ಟ್‌ಸ್ಕ್ರಿಪ್ಟ್ ಸಾಲು ಎರಡೇ ಅಳಿಸಿ ಸೇವ್ ಮಾಡಿ. ಆಮೇಲೆ ಒಂದ್ಸಲ ಲಾಗೌಟ್ ಆಗಿ ಬನ್ನಿ.

ತರ್ಲೆಪೆಂಗ್ವಿನ್:
ಮಧ್ಯೆ ಒಂದು ಡೌಟು, ಈ ಮೈಮ್ ಅಂದ್ರೆ ಏನು? ಡಾಟ್ ಪಿಡಿಎಫ್ ಅನ್ನೋ ಬಾಲ ನೋಡಿದ್ರೆ ಸಾಕಾಗಲ್ವಾ?

ಹಳೇಟರ್ಮಿನಲ್:
1992ರಲ್ಲಿ ಇಮೇಲಲ್ಲಿ ಅಟ್ಯಾಚ್‌ಮೆಂಟ್ ಕಳಿಸೋಕೆ ಅಂತ ಬಂದ ಪದ್ಧತಿ ಮಾರಾಯ, ಹೆಸರು ಏನೇ ಇರ್ಲಿ ಒಳಗಿರೋದು ಏನು ಅಂತ ಹೇಳೋ ಚೀಟಿ. ಲಿನಕ್ಸ್ ಡೆಸ್ಕ್‌ಟಾಪಲ್ಲಿ ಬಾಲ ನೋಡಿ, ಬೇಕಾದ್ರೆ ಒಳಗೂ ಇಣುಕಿ ಆ ಚೀಟಿ ಅಂಟಿಸ್ತಾರೆ, ಡಿಫಾಲ್ಟ್ ಆ್ಯಪು ಚೀಟಿಗೇ ಹೊರತು ಬಾಲಕ್ಕಲ್ಲ. ಗಿರಾಕಿ ಬಾಲ ಇಲ್ದೇ ಫೈಲ್ ಕಳಿಸಿದ್ರೂ ಎಷ್ಟೋ ಸಲ ಸರಿಯಾಗಿ ಓಪನ್ ಆಗೋದು ಅದಕ್ಕೇ.

ಜೆರಾಕ್ಸ್‌ಅಂಗಡಿ:
ಆಯ್ತು ಸರ್!! ಎರಡು ಸಾಲು ಅಳಿಸಿದೆ, ಈಗ ಡಬಲ್ ಕ್ಲಿಕ್ಕಿಗೆ ಎಕ್ಸ್‌ರೀಡರ್ ಟಕ್ ಅಂತ ಬರ್ತಿದೆ, ಜೆಪೆಗ್ ಜಿಂಪಲ್ಲೇ ಇದೆ. ಫೈರ್‌ಫಾಕ್ಸಲ್ಲಿ ಡೌನ್‌ಲೋಡ್ ಮಾಡಿದ್ದು ಮಾತ್ರ ಬ್ರೌಸರ್ ಒಳಗೇ ತೆರ‍್ಕೊಳ್ಳುತ್ತೆ, ಅದೂ ಇದಕ್ಕೇ ಸಂಬಂಧನಾ?

ಬನಶಂಕರಿ_ಬಗ್:
ಅಲ್ಲ, ಫೈರ್‌ಫಾಕ್ಸ್ ತಂದೇ ಬೇರೆ ಪಟ್ಟಿ ಇಟ್ಕೊಂಡಿರುತ್ತೆ. ಸೆಟ್ಟಿಂಗ್ಸ್, ಜನರಲ್, ಕೆಳಗೆ ಅಪ್ಲಿಕೇಶನ್ಸ್ ಅಂತ ಇದೆ, ಅಲ್ಲಿ ಪಿಡಿಎಫ್ ಎದುರು ಸಿಸ್ಟಮ್ ಡಿಫಾಲ್ಟ್ ಆ್ಯಪ್ ಆರಿಸಿ.

ಜೆರಾಕ್ಸ್‌ಅಂಗಡಿ:
ಅದೂ ಆಯ್ತು. ಈ ಕಡೆ ಬಂದ್ರೆ ಅಂಗಡಿಗೆ ಬನ್ನಿ, ಪಕ್ಕದಲ್ಲೇ ಒಳ್ಳೇ ಫಿಲ್ಟರ್ ಕಾಫಿ ಸಿಗುತ್ತೆ.