ಬೈಕಿನ ಮುಂದಿನ ಡಿಸ್ಕ್ ಬ್ರೇಕ್ ಪ್ಯಾಡ್ ಮನೇಲೇ ಹಾಕ್ಕೊಂಡೋರು ಅನುಭವ ಹೇಳಿ

ಹೊಸಕೆರೆಹಳ್ಳಿ ಪಲ್ಸರ್: ನಮಸ್ತೆ, ನಂದು ಪಲ್ಸರ್ 150, ಮುಂದಿನ ಪ್ಯಾಡ್ ಪೂರ್ತಿ ಸವೆದು ಕರಕರ ಅಂತಿದೆ. ಗ್ಯಾರೇಜಲ್ಲಿ ಪ್ಯಾಡು, ಆಯಿಲ್ಲು, ಲೇಬರ್ರು ಸೇರಿ 1,400 ಕೇಳ್ತಿದಾರೆ. ಮನೇಲೇ ಮಾಡ್ಕೋಬಹುದಾ? ಬಾಡಿಗೆ ಮನೆ, ಗೇಟ್ ಒಳಗೆ ಒಂದು ಗಾಡಿ ನಿಲ್ಸೋಷ್ಟೇ ಜಾಗ.

ಪೀಣ್ಯ ಯೂನಿಕಾರ್ನ್: ಕಣ್ಮುಚ್ಕೊಂಡು ಮನೇಲೇ ಹಾಕಿ. ನಾನು ಗ್ಯಾರೇಜ್ ಸಹವಾಸ ಬಿಟ್ಟು ವರ್ಷಗಳಾಯ್ತು. ಕೊನೆ ಸಲ ಕೊಟ್ಟಾಗ ಹೊಸ ಪ್ಯಾಡ್ ಅಂತ 650 ಬರೆದು ಹಳೇದನ್ನೇ ಎಮರಿ ಪೇಪರಲ್ಲಿ ಉಜ್ಜಿ ವಾಪಸ್ ಹಾಕಿದ್ರು, ಬಿಲ್ ಈಗ್ಲೂ ಇಟ್ಕೊಂಡಿದೀನಿ. ಸ್ಪೇರ್ ಪಾರ್ಟ್ಸ್ ಅಂಗಡಿಗಳಿರೋ ಜೆ.ಸಿ. ರೋಡಲ್ಲಿ ಪ್ಯಾಡ್ 380, ಡಾಟ್ 4 ಅನ್ನೋ ದರ್ಜೆಯ ಬ್ರೇಕ್ ಆಯಿಲ್ 130, ಕ್ಲೀನರ್ ಸ್ಪ್ರೇ 290, ಸಿಲಿಕಾನ್ ಗ್ರೀಸ್ 120, ಒಟ್ಟು 920 ಆಯ್ತು, ಸ್ಪ್ರೇನೂ ಗ್ರೀಸೂ ಇನ್ನೂ ಅರ್ಧ ಇದೆ. ಪ್ಯಾಡ್ ಹಿಡ್ಕೊಂಡಿರೋ ಕ್ಯಾಲಿಪರ್‌ನ ಪಿನ್ ತುಕ್ಕು ಹಿಡ್ದು ಕೂತ್ಬಿಟ್ಟಿತ್ತು, ಬಿಚ್ಚಿ ಗ್ರೀಸ್ ಹಚ್ಚಿದ ಮೇಲೆ ಗೊತ್ತಾಯ್ತು ಒಂದು ಕಡೆ ಪ್ಯಾಡ್ ಮಾತ್ರ ಯಾಕೆ ಬೇಗ ಸವೀತಿತ್ತು ಅಂತ. ದುಡ್ಡು ಇಸ್ಕೊಂಡ ಒಬ್ಬನೂ ಆ ಪಿನ್ ಮುಟ್ಟಿರ್ಲಿಲ್ಲ.

ಯಲಹಂಕ ಅಪಾಚೆ: ಬ್ರೇಕ್ ವಿಷ್ಯದಲ್ಲಿ ಕಣ್ಮುಚ್ಕೊಂಡು ಅನ್ನೋ ಮಾತು ಆಡ್ಬೇಡಿ ಸ್ವಾಮಿ. ನನ್ನ ಭಾಮೈದ ನನ್ನ ಗಾಡೀಲಿ ಹೊಸ ಪ್ಯಾಡಿಗೆ ಜಾಗ ಮಾಡೋಕೆ ಕ್ಯಾಲಿಪರ್ ಪಿಸ್ಟನ್ ಒಳಗೆ ಒತ್ತುವಾಗ ಹ್ಯಾಂಡಲ್ ಮೇಲಿನ ಡಬ್ಬೀಲಿ ಆಯಿಲ್ ಉಕ್ಕಿ ಟ್ಯಾಂಕ್ ಮೇಲೆ ಚೆಲ್ತು, ತಕ್ಷಣ ನೀರು ಹಾಕ್ಲಿಲ್ಲ, ಪೇಂಟ್ ಎದ್ದೋಯ್ತು. ಪೇಂಟಿಗೆ 2,200. ಆಮೇಲೆ ಬ್ಲೀಡ್ ಮಾಡ್ತೀನಿ, ಅಂದ್ರೆ ಲೈನಿಂದ ಹಳೇ ಆಯಿಲ್ಲೂ ಗಾಳೀನೂ ತೆಗೀತೀನಿ ಅಂತ ತಿರುಗ್ಸಿ, ಅದಕ್ಕಿರೋ ನಿಪಲ್ ಮುರ್ದು ಒಳಗೇ ಉಳೀತು, ತೆಗ್ಸೋಕೆ ಲೇತ್‌ನೋರಿಗೆ 300, ಹೊಸ ನಿಪಲ್ 60, ಗಾಡಿ ಸಾಗ್ಸಿದ್ದು 900. ಒಟ್ಟು 3,460. ಉಳಿಸೋಕೆ ಹೋಗಿದ್ದು ಇನ್ನೂರೋ ಮುನ್ನೂರೋ.

ಪೀಣ್ಯ ಯೂನಿಕಾರ್ನ್: ಬರೀ ಪ್ಯಾಡ್ ಬದ್ಲಾಯ್ಸೋಕೆ ನಿಪಲ್ ಯಾಕ್ರೀ ಮುಟ್ಬೇಕು? ಲೈನ್ ಬಿಚ್ಚದೇ ಇದ್ರೆ ಗಾಳಿ ಎಲ್ಲಿಂದ ಬರತ್ತೆ? ಭಾಮೈದ ಮಾಡಿದ್ದಕ್ಕೆ ಊರೋರಿಗೆಲ್ಲಾ ಹೆದರಿಸ್ತಿದೀರ.

ಯಲಹಂಕ ಅಪಾಚೆ: ಮನೆಯೋರ ವಿಷ್ಯ ಎತ್ಬೇಡಿ. ಹಳೇ ಆಯಿಲ್ ಹಾಗೇ ಬಿಡೋಕಾಗತ್ತಾ? ಹೊಸ ಡಾಟ್ 4 ಅಂದ್ರೆ ಕನಿಷ್ಠ 230 ಡಿಗ್ರಿ ತನಕ ಕುದೀಬಾರ್ದು, ನೀರು ಹೀರ್ಕೊಂಡ ಮೇಲೆ ಆ ಲೆಕ್ಕ 155ಕ್ಕೆ ಇಳಿಯತ್ತೆ. ನಂದಿ ಬೆಟ್ಟ ಇಳಿಯುವಾಗ ಆಯಿಲ್ ಕುದ್ದು ಲಿವರ್ ಹ್ಯಾಂಡಲಿಗೇ ಬಂದ್ಬಿಟ್ರೆ ನಿಮ್ಮ 920 ಲೆಕ್ಕ ಯಾರಿಗೆ ಹೇಳ್ತೀರ? ನನ್ನದ್ರಲ್ಲಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂಗೆ ತಡೆಯೋ ಎಬಿಎಸ್ ಬೇರೆ ಇದೆ, ಅದ್ರೊಳಗೆ ಗಾಳಿ ಸೇರಿದ್ರೆ ಮನೇಲಿ ತೆಗೆಯೋದು ಸುಲಭ ಇಲ್ಲ.

ವಿಜಯನಗರ ಆಕ್ಟಿವಾ: ನಂದು ಡಿಸ್ಕ್ ಅಲ್ಲ, ಡ್ರಮ್ ಬ್ರೇಕ್, ಆದ್ರೂ ಹೇಳ್ತೀನಿ. ಹೆಣ್ಮಗಳು ಬಂದಿದಾಳೆ ಅಂತ ಕೇಬಲ್ಲು, ಶೂ (ಡ್ರಮ್ಮಲ್ಲಿ ಪ್ಯಾಡ್ ಥರದ್ದು), ಡ್ರಮ್ಮು ಎಲ್ಲಾ ಹೋಗಿದೆ, 2,150 ಆಗತ್ತೆ ಅಂದ್ರು. ಅವತ್ತೇ ಗಾಡಿ ವಾಪಸ್ ತಂದು ಅಪ್ಪನ ಸ್ಪ್ಯಾನರ್ ಸೆಟ್ ತಗೊಂಡು ಮುಂದಿನ ಚಕ್ರ ನಾನೇ ಬಿಚ್ಚಿದೆ. ಶೂ ಜೋಡಿ 240, ಅಷ್ಟೇ ಖರ್ಚು, ಕೇಬಲ್ಲೂ ಡ್ರಮ್ಮೂ ಚೆನ್ನಾಗೇ ಇತ್ತು. ಸ್ಪ್ರಿಂಗ್ ಕೂರ್ಸೋವಾಗ ಕೈ ತರಚಿ ರಕ್ತ ಬಂತು, ಬಿಡ್ಲಿಲ್ಲ. ಒಳಗಿನ ಧೂಳು ಬಾಯಲ್ಲಿ ಊದ್ಬೇಡಿ, ಒದ್ದೆ ಬಟ್ಟೇಲಿ ಒರೆಸಿ. ಶೂ ಅಗಲಿಸೋ ಕ್ಯಾಮ್‌ಗೆ ಗ್ರೀಸ್ ಒಂಚೂರು ಸಾಕು, ಶೂಗೆ ತಾಗಿದ್ರೆ ಬ್ರೇಕೇ ಹಿಡಿಯಲ್ಲ.

ಪೀಣ್ಯ ಯೂನಿಕಾರ್ನ್: ಸೂಪರ್ ಮೇಡಂ. ಇದನ್ನ ಯಲಹಂಕದೋರು ಓದ್ಲಿ.

ಮಾಗಡಿ ರೋಡ್ ಸ್ಪ್ಲೆಂಡರ್: ನಮ್ಮ ತಂದೆದು ಗ್ಯಾರೇಜು, ಅದಕ್ಕೇ ಹೊಟ್ಟೆ ಉರೀತಿದೆ ಇದೆಲ್ಲಾ ಓದಿ. ಶೆಡ್ ಬಾಡಿಗೆ 18,000, ಇಬ್ರು ಹುಡುಗ್ರ ಸಂಬಳ, ಕರೆಂಟು. ಪ್ಯಾಡ್ ಹಾಕೋಕೆ ಲೇಬರ್ 150 ಅಂದ್ರೆ ಕಳ್ಳರ ಥರ ನೋಡ್ತೀರ. ಮನೇಲಿ ಅಲೆನ್ ಬೋಲ್ಟ್ ತಲೆ ಸವೆಸಿ, ಇನ್ನೇನೂ ಆಗಲ್ಲ ಅಂದಾಗ ಸಂಜೆ ಏಳು ಗಂಟೆಗೆ ತಳ್ಕೊಂಡು ಬರ್ತಾರೆ, ಆ ಬೋಲ್ಟ್ ತೆಗೆಯೋಕೆ ಅಪ್ಪ ಊಟ ಬಿಟ್ಟು ಕೂರ್ತಾರೆ.

ಪೀಣ್ಯ ಯೂನಿಕಾರ್ನ್: ನಿಮ್ಮ ತಂದೆ ಬಗ್ಗೆ ನಾನೇನೂ ಅಂದಿಲ್ಲ. ಬಿಚ್ಚಿದ ಹಳೇ ಪ್ಯಾಡ್ ಗಿರಾಕಿ ಕೈಗೆ ಕೊಡ್ತಾರಾ, ಅದು ಹೇಳಿ.

ಮಾಗಡಿ ರೋಡ್ ಸ್ಪ್ಲೆಂಡರ್: ಕೇಳ್ದೇನೇ ಕವರಲ್ಲಿ ಹಾಕಿ ಕೊಡ್ತಾರೆ. ನೀವು ಜೆ.ಸಿ. ರೋಡಲ್ಲಿ ತಗೊಂಡ 380ರ ಪ್ಯಾಡ್ ಡೂಪ್ಲಿಕೇಟ್ ಅಲ್ಲ ಅಂತ ಏನು ಗ್ಯಾರಂಟಿ?

ಹೊಸಕೆರೆಹಳ್ಳಿ ಪಲ್ಸರ್: ಸಾರ್, ಆಯಿಲ್ ಬದ್ಲಾಯ್ಸಲ್ಲ, ಬರೀ ಪ್ಯಾಡ್ ಹಾಕ್ತೀನಿ ಅಂದ್ರೆ?

ವಿಜಯನಗರ ಆಕ್ಟಿವಾ: ನಮ್ಮಣ್ಣನ ಡಿಸ್ಕ್ ಗಾಡೀಲಿ ನೋಡಿದೀನಿ, ಹಾಕಿದ ಮೇಲೆ ಲಿವರ್ ಗಟ್ಟಿಯಾಗೋ ತನಕ ಪಂಪ್ ಮಾಡ್ದೇ ಗಾಡಿ ಹತ್ಬೇಡಿ, ಮೊದಲ ಸಲ ಬ್ರೇಕೇ ಇರಲ್ಲ.

ಪೀಣ್ಯ ಯೂನಿಕಾರ್ನ್: ಡೂಪ್ಲಿಕೇಟ್ ಅಂದ್ರಲ್ಲ ಮಾಗಡಿ ರೋಡ್, ನಿಮ್ಮ ಶೆಡ್ಡಿಗೆ ಮಾಲು ಎಲ್ಲಿಂದ ಬರತ್ತೆ? ಅದೇ ಜೆ.ಸಿ. ರೋಡಿಂದ ತಾನೇ?