ಬೆನ್ನು ಸಿಗುತ್ತದೆ, ಕತ್ತು ಸಿಗುವುದಿಲ್ಲ

ಪ್ರಶ್ನೆ: ಸರ್, ಗರಡಿಯಲ್ಲಿ ಕುಸ್ತಿ ಆಡಿ ಬೆಳೆದವನು ನಾನು. ಎಂಟು ತಿಂಗಳಿಂದ ಬ್ರೆಜಿಲಿಯನ್ ಜಿಯು-ಜಿಟ್ಸು (ನೆಲದ ಮೇಲೆ ಪಟ್ಟು ಹಾಕಿ ಎದುರಾಳಿ ಸೋಲೊಪ್ಪುವಂತೆ ಮಾಡುವ ಆಟ) ಕಲಿಯುತ್ತಿದ್ದೇನೆ. ಎದುರಾಳಿಯ ಬೆನ್ನು ಬೇಗ ಸಿಗುತ್ತದೆ, ಅಂದರೆ ಹಿಂದಿನಿಂದ ಹಿಡಿಯಲು ಆಗುತ್ತದೆ. ಆದರೆ ಕತ್ತಿಗೆ ತೋಳು ಹಾಕಿದರೆ ಗದ್ದವನ್ನು ಎದೆಗೆ ಒತ್ತಿಕೊಳ್ಳುತ್ತಾನೆ. ಎಳೆದೂ ಎಳೆದೂ ನನ್ನ ತೋಳೇ ಸೋತುಹೋಗುತ್ತದೆ. ಏನು ಮಾಡಲಿ?

ಉತ್ತರ: ಕತ್ತಿನ ಆಸೆ ಸ್ವಲ್ಪ ಹೊತ್ತು ಬಿಡಿ. ಮೊದಲು ಕೈಗಳ ಜಗಳ ಮುಗಿಸಬೇಕು. ನಿಮ್ಮ ಒಂದು ತೋಳು ಅವನ ಹೆಗಲ ಮೇಲಿಂದ, ಇನ್ನೊಂದು ಕಂಕುಳಿನ ಕೆಳಗಿಂದ ಬಂದು ಎದೆಯ ಮೇಲೆ ಸೇರಲಿ. ಇದೇ ಸೀಟ್‌ಬೆಲ್ಟ್ ಗ್ರಿಪ್. ನಿಮ್ಮ ಎದೆ ಅವನ ಬೆನ್ನಿಗೆ ಅಂಟಿರಬೇಕು. ಹುಕ್ ಹಾಕಿದ, ಅಂದರೆ ಅವನ ತೊಡೆಗಳ ಒಳಗೆ ಸಿಕ್ಕಿಸಿದ, ಪಾದಗಳನ್ನು ಒಂದರ ಮೇಲೊಂದು ಹೆಣೆಯಬೇಡಿ, ಪಾದದ ಗಂಟಿಗೆ ಲಾಕ್ (ಕೀಲು ಒತ್ತಿ ನೋಯಿಸುವ ಪಟ್ಟು) ತಿನ್ನುತ್ತೀರಿ.

ಅವನ ಎರಡೂ ಕೈ ನಿಮ್ಮ ಮೇಲಿನ ತೋಳನ್ನೇ ಕಾಯುತ್ತಿರುತ್ತವೆ, ಅಲ್ವಾ? ಕಂಕುಳಿನ ಕೆಳಗಿನ ಕೈಯಿಂದ ಆ ಕಡೆಯ ಮಣಿಕಟ್ಟು ಹಿಡಿದು ಕೆಳಗೆ ತಳ್ಳಿ. ಅದೇ ಕಡೆಯ ಕಾಲನ್ನು ಅವನ ತೋಳಿನ ಮೇಲೆ ಹಾಕಿ ಸಿಕ್ಕಿಸಿ. ಈಗ ಅವನಿಗೆ ಉಳಿದದ್ದು ಒಂದೇ ಕೈ, ನಿಮಗೆ ಎರಡು. ಮೇಲಿನ ತೋಳನ್ನು ದವಡೆಯ ಪಕ್ಕದಿಂದ ಜಾರಿಸಿ, ಮೊಣಕೈ ಗದ್ದದ ಕೆಳಗೆ ನೇರವಾಗಿ ಬರಲಿ. ಆ ಕೈಯಿಂದ ನಿಮ್ಮದೇ ಇನ್ನೊಂದು ತೋಳಿನ ಬೈಸೆಪ್ಸ್ ಹಿಡಿದು, ಆ ಕಡೆಯ ಅಂಗೈಯನ್ನು ಅವನ ತಲೆಯ ಹಿಂದೆ ಇಟ್ಟು, ಎದೆ ಉಬ್ಬಿಸಿ. ಸುಮ್ನೆ ಎಳೆಯಬೇಡಿ. ಗಂಟಲು ಹಿಸುಕುವುದಲ್ಲ ಇದು, ಕತ್ತಿನ ಎರಡೂ ಬದಿಯ ರಕ್ತನಾಳ ಒತ್ತುವುದು. ಸರಿಯಾಗಿ ಕೂತರೆ 10 ಸೆಕೆಂಡಿನ ಆಸುಪಾಸಿನಲ್ಲೇ ಪ್ರಜ್ಞೆ ತಪ್ಪುತ್ತದೆ. ಬ್ರೆಜಿಲ್‌ನವರು ಇದನ್ನು 'ಮಾತಾ ಲಿಯಾಂವ್', ಅಂದರೆ ಸಿಂಹ ಕೊಲ್ಲುವ ಪಟ್ಟು ಅನ್ನುತ್ತಾರೆ. 1993ರಲ್ಲಿ ಮೊದಲ ಯುಎಫ್‌ಸಿ (ಬೇರೆ ಬೇರೆ ಕಾದಾಟದ ಕಲೆಯವರು ಸೆಣಸುವ ಸ್ಪರ್ಧೆ) ಫೈನಲ್‌ನಲ್ಲಿ ಬ್ರೆಜಿಲ್‌ನ ಜಿಯು-ಜಿಟ್ಸು ಪಟು ಹೊಯ್ಸ್ ಗ್ರೇಸಿ ಗೆದ್ದದ್ದೂ ಇದರಿಂದಲೇ.

ಒಂದು ವಿಷಯ ಮರೆಯಬೇಡಿ. ನೀವು ಅವನ ಒಂದು ಕೈ ಸಿಕ್ಕಿಸಿದ್ದೀರಿ. ಅವನು ಕಾಲಲ್ಲಿ ಮ್ಯಾಟ್ ಬಡಿಯಬಹುದು, ಬಾಯಲ್ಲಿ 'ಟ್ಯಾಪ್' ಅನ್ನಬಹುದು; ಎರಡಕ್ಕೂ 'ಸೋತೆ, ಬಿಡು' ಎಂದೇ ಅರ್ಥ. ಕೋಚ್ ಇಲ್ಲದ ಕಡೆ ಇದನ್ನು ಆಡಲೇಬೇಡಿ.

ಪ್ರಶ್ನೆ: ಇನ್ನೊಂದು ಸರ್. ಒತ್ತಡ ಬಿದ್ದಾಗ ನಾನೇ ಬೋರಲು ತಿರುಗಿಬಿಡುತ್ತೇನೆ. ಬೆನ್ನು ನೆಲಕ್ಕೆ ತಾಗಬಾರದು ಅನ್ನೋದು ಮೈಗೆ ಅಂಟಿದೆ.

ಉತ್ತರ: ಗರಡಿಯಿಂದ ಬಂದವರಲ್ಲಿ ನಾನು ಜಾಸ್ತಿ ನೋಡುವುದು ಇದನ್ನೇ. ಕುಸ್ತಿಯಲ್ಲಿ ಚಿತ್ ಆದರೆ ಸೋಲು. ಇಲ್ಲಿ ಬೋರಲು ತಿರುಗಿದರೆ ನೀವೇ ಬೆನ್ನು ಕೊಟ್ಟಂತೆ. ಬೆನ್ನು ಹೋದಾಗ ಎರಡೂ ಕೈಯಿಂದ ಅವನ ಮೇಲಿನ ತೋಳು ಹಿಡಿದು ಕತ್ತು ಕಾಯಿರಿ. ಅವನ ತೋಳು ನಿಮ್ಮ ಕಂಕುಳಿನ ಕೆಳಗಿರುವ ಕಡೆಗೆ ಜಾರಿ, ನಿಮ್ಮ ಎರಡೂ ಹೆಗಲು ಮ್ಯಾಟಿಗೆ ತಾಗಿಸಿ. ಗರಡಿಯಲ್ಲಿ ಹೆದರುತ್ತಿದ್ದ ಆ ಭಂಗಿಯೇ ಇಲ್ಲಿ ನಿಮ್ಮನ್ನು ಬಿಡಿಸುತ್ತದೆ.