ನೀಲಿ ತಾಡಪತ್ರಿ ಮೇಲೆ ಕೆಂಪಡಿಕೆ: ನಮ್ಮ ಮನೆ ಗುಂಪಿನ ಕ್ಯಾಮೆರಾ ಜಗಳ

ಶಿರಸಿ ಭಾವ: ಮೂರು ಫೋಟೊ ಹಾಕಿದ್ದೇನೆ, ಎಲ್ಲರೂ ನೋಡಿ. ಅಂಗಳದಲ್ಲಿ ಹರವಿದ ಅದೇ ರಾಶಿ ಅಡಿಕೆ. ಒಂದನೆಯದು ಫೋನಿನ ಜೊತೆಗೇ ಬಂದ ಕ್ಯಾಮೆರಾ. ಎರಡನೆಯದು ಓಪನ್ ಕ್ಯಾಮೆರಾ. ಮೂರನೆಯದು ಜಿಕ್ಯಾಮ್, ಅಂದರೆ ಗೂಗಲ್ ಕ್ಯಾಮೆರಾ. ಒಂದನೆಯದರ ಕಳೆ ನೋಡಿ! ಉಳಿದೆರಡು ಆ್ಯಪ್ ಡಿಲೀಟ್ ಮಾಡುತ್ತಿದ್ದೇನೆ.

ಬೆಂಗಳೂರು ತಮ್ಮ: ಕಳೆ ಬೇರೆ, ನಿಜ ಬೇರೆ ಭಾವ. ತೊಗರಿನಲ್ಲಿ (ಅಡಿಕೆ ಬೇಯಿಸುವ ಕೆಂಪು ನೀರು) ಬೇಯಿಸಿದ ಅಡಿಕೆಯೋ, ಪೇಂಟ್‌ನಲ್ಲಿ ಅದ್ದಿದ್ದೋ?

ಶಿರಸಿ ಭಾವ: ಮತ್ತೆ ಮೂರನೆಯದು ಬೂದಿ ಬಡಿದ ಹಾಗಿದೆಯಲ್ಲ, ಅದು ನಿಜವಾ?

ದೊಡ್ಡಪ್ಪ: ನನಗೆ ಮೂರೂ ಹಳದಿ ಕಾಣುತ್ತಿವೆ. ಚಾಲಿ ಅಲ್ವಾ ಇದು, ಬೇಯಿಸದೆ ಒಣಗಿಸಿದ ಬಿಳಿ ಅಡಿಕೆ?

ಬೆಂಗಳೂರು ತಮ್ಮ: ದೊಡ್ಡಪ್ಪ, ಕಣ್ಣಿಗೆ ತಂಪು ಅಂತ ರಾತ್ರಿ ಹೊತ್ತಿಗೆ ಹಾಕಿಕೊಟ್ಟ ಹಳದಿ ಪರದೆ ಈಗಲೂ ಆನ್ ಇದೆ. ಆಫ್ ಮಾಡಿ ನೋಡಿ.

ದೊಡ್ಡಪ್ಪ: ನೋಡಿದೆ. ಕೆಂಪೇ. ಆದರೆ ಫೋಟೊ ನೋಡಿ ದರ ಹೇಳುವವರು ಯಾರು? ವ್ಯಾಪಾರಿ ಕೈಗೆ ತಗೊಂಡು, ಕತ್ತರಿಸಿ, ಒಳಗೆ ನೋಡುತ್ತಾನೆ.

ಶಿರಸಿ ಭಾವ: ದರಕ್ಕಲ್ಲ. ಹುಬ್ಬಳ್ಳಿಯ ಸ್ನೇಹಿತರೊಬ್ಬರು ಮನೆಗೆ ಬೇಕು, ಫೋಟೊ ಕಳಿಸಿ ಅಂದಿದ್ದಾರೆ.

ನಾನು: ಹಾಗಿದ್ದರೆ ಒಂದನೆಯದನ್ನು ಕಳಿಸಬೇಡಿ. ಚೀಲ ಬಿಚ್ಚಿದ ಕೂಡಲೇ ಫೋನ್ ಬರುತ್ತದೆ.

ನಾವೆಲ್ಲ ಒಂದೇ ಬಣ್ಣ ನೋಡುತ್ತಲೂ ಇಲ್ಲ. ಹಲವು ಸ್ಯಾಮ್‌ಸಂಗ್ ಫೋನುಗಳ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ವಿವಿಡ್, ನ್ಯಾಚುರಲ್ ಅಂತ ಎರಡಿರುತ್ತವೆ. ವಿವಿಡ್ ಇದ್ದರೆ ಕೆಂಪು ಉಬ್ಬುತ್ತದೆ. ಅದರ ಮೇಲೆ ವಾಟ್ಸಾಪ್ ಫೋಟೊವನ್ನು ಹಿಂಡಿ ಚಿಕ್ಕದು ಮಾಡಿಯೇ ದಾಟಿಸುತ್ತದೆ. ಡಾಕ್ಯುಮೆಂಟ್ ಅಂತ ಹಾಕಿ, ಇದ್ದ ಫೈಲ್ ಇದ್ದ ಹಾಗೇ ಬರುತ್ತದೆ.

ಈಗ ಒಂದನೆಯ ಫೋಟೊ ಹಿಗ್ಗಿಸಿ. ಅರ್ಧಕ್ಕರ್ಧ ನೀಲಿ ತಾಡಪತ್ರಿ ಇದೆ. ಮೂರನೆಯದನ್ನು ಭಾವ ಬಗ್ಗಿ ಹತ್ತಿರದಿಂದ ತೆಗೆದಿದ್ದಾರೆ, ಅಂಚಿನಿಂದ ಅಂಚಿಗೆ ಬರೀ ಅಡಿಕೆ. ಬಿದ್ದ ಬೆಳಕು ಯಾವ ಬಣ್ಣದ್ದು ಅಂತ ಕ್ಯಾಮೆರಾಕ್ಕೆ ಗೊತ್ತಿಲ್ಲ, ಎದುರಿಗೆ ಕಂಡದ್ದನ್ನು ನೋಡಿ ಊಹಿಸುತ್ತದೆ. ಆಟೋ ವೈಟ್ ಬ್ಯಾಲೆನ್ಸ್ ಅಂದರೆ ಇಷ್ಟೇ. ನೀಲಿ ಜಾಸ್ತಿ ಕಂಡರೆ ಬೆಳಕೇ ನೀಲಿ ಇರಬೇಕು ಅಂದುಕೊಂಡು ಎಲ್ಲವನ್ನೂ ಕೆಂಪು-ಹಳದಿ ಕಡೆ ತಳ್ಳುತ್ತದೆ. ಬರೀ ಕೆಂಪಡಿಕೆ ಕಂಡರೆ ಉಲ್ಟಾ, ನೀಲಿ ಕಡೆ ತಳ್ಳುತ್ತದೆ, ಅಡಿಕೆ ಬೂದಿ ಬಡಿದ ಹಾಗಾಗುತ್ತದೆ. ಗೆದ್ದದ್ದು ಆ್ಯಪ್ ಅಲ್ಲ, ತಾಡಪತ್ರಿ.

ಶಿರಸಿ ಭಾವ: ಅಂದರೆ ಮೂರು ಆ್ಯಪೂ ಒಂದೇ ಅಂತೀಯಾ?

ನಾನು: ಒಂದೇ ಅಲ್ಲ. ಫೋನ್ ಕಂಪನಿಯ ಆ್ಯಪ್ ಎದುರಿಗಿರುವುದು ಊಟವೋ ಹೂವೋ ಅಂತ ಗುರುತಿಸಿ ಬಣ್ಣ ಏರಿಸುತ್ತದೆ. ಜನರಿಗೆ ಅದೇ ಇಷ್ಟ, ಹಾಗಾಗಿ ಅವರೂ ಅದನ್ನೇ ಕೊಡುತ್ತಾರೆ. ಎಐ ಅಂತಲೋ ಸೀನ್ ಅಂತಲೋ ಒಂದು ಸ್ವಿಚ್ ಇರುತ್ತದೆ, ಆಫ್ ಮಾಡಿ. ಜಿಕ್ಯಾಮ್ ಅನ್ನು ಗೂಗಲ್ ಮಾಡಿದ್ದು ತನ್ನ ಪಿಕ್ಸೆಲ್ ಫೋನಿಗೆ. ಭಾವನ ಫೋನಿನಲ್ಲಿರುವುದು ಯಾರೋ ಹವ್ಯಾಸಿಗಳು ಹೊಂದಿಸಿದ್ದು, ಅದಕ್ಕೆ ಈ ಫೋನಿನ ಸೆನ್ಸರ್ ಪೂರ್ತಿ ಗೊತ್ತಿರಬೇಕೆಂದಿಲ್ಲ. ಅದಿರಲಿ, ಬ್ಯಾಂಕ್ ಆ್ಯಪ್ ಇರುವ ಫೋನಿಗೆ ಎಲ್ಲಿಂದಲೋ ಇಳಿಸಿದ ಎಪಿಕೆ (ಆ್ಯಪ್ ಹಾಕುವ ಫೈಲ್) ಹಾಕಿದ್ದೀರಲ್ಲ, ಧೈರ್ಯ ಮೆಚ್ಚಬೇಕು.

ನನ್ನ ಓಟು ಓಪನ್ ಕ್ಯಾಮೆರಾಕ್ಕೆ. ಪುಕ್ಕಟೆ, ಕೋಡ್ ಎಲ್ಲರಿಗೂ ತೆರೆದಿದೆ. ಸೆಟ್ಟಿಂಗ್‌ನಲ್ಲಿ ಕ್ಯಾಮೆರಾ2 ಎಪಿಐ ಅನ್ನುವ ಆಯ್ಕೆ ಆರಿಸಿದರೆ ಬಹಳಷ್ಟು ಫೋನುಗಳಲ್ಲಿ ವೈಟ್ ಬ್ಯಾಲೆನ್ಸ್ ಕೈಯಾರೆ ಇಡಬಹುದು. ಬೆಳಕಿನ ಬಣ್ಣ ಅಳೆಯುವುದು ಕೆಲ್ವಿನ್‌ನಲ್ಲಿ: ಬಿಸಿಲಿಗೆ ಸುಮಾರು 5500, ನೆರಳಿಗೆ 7000, ಹಳೇ ಬಲ್ಬಿಗೆ 2700. ಒಮ್ಮೆ ಇಟ್ಟ ಮೇಲೆ ತಾಡಪತ್ರಿ ಇದ್ದರೂ ಇಲ್ಲದಿದ್ದರೂ ಅದು ಊಹೆಗೆ ಇಳಿಯುವುದಿಲ್ಲ. ಫೋಟೊ ಸ್ವಲ್ಪ ಚಪ್ಪೆ ಕಾಣುತ್ತದೆ, ಉಪ್ಪು ಖಾರ ಆಮೇಲೆ ಹಾಕಿಕೊಳ್ಳಿ.

ಕಾರವಾರ ಅಕ್ಕ: ನಿನ್ನ ಓಪನ್ ಕ್ಯಾಮೆರಾ ನೀನೇ ಇಟ್ಟುಕೋ. ಟಾಗೋರ್ ಬೀಚಿನಲ್ಲಿ ಚಾಪಲ್ ಹಡಗಿನ ಹತ್ತಿರ ನಿಂತು ತೆಗೆದದ್ದು ನೋಡು. ಸಮುದ್ರವೇ ಬಿಲ್ಲಿನ ಹಾಗೆ ಬಗ್ಗಿದೆ. ಫೋನಿನ ಕ್ಯಾಮೆರಾದಲ್ಲಿ ನೇರ ಬರುತ್ತದೆ.

ದೊಡ್ಡಪ್ಪ: ಭೂಮಿ ದುಂಡಗಿದೆಯಲ್ಲ ಮಗಾ.

ಬೆಂಗಳೂರು ತಮ್ಮ: 😂 ಅಕ್ಕಾ, ಫೋನ್ ಮೇಲೆತ್ತಿ, ಸಮುದ್ರ ಆಕಾಶ ಸೇರುವ ಗೆರೆ ಫೋಟೊದ ಕೆಳಗಡೆ ಬರುವ ಹಾಗೆ ಒಂದು ತೆಗೆ.

ಕಾರವಾರ ಅಕ್ಕ: ಈಗ ಉಲ್ಟಾ ಬಗ್ಗಿದೆ! ಬಟ್ಟಲಿನ ಹಾಗೆ.

ಬೆಂಗಳೂರು ತಮ್ಮ: ದೊಡ್ಡಪ್ಪ, ಭೂಮಿ ತಗ್ಗಾಯಿತು. ಸರಿಯಾಗಿ ಮಧ್ಯ ಇಟ್ಟು ತೆಗೆದರೆ ನೇರ ಬರುತ್ತದೆ. ಅದು 0.5 ಲೆನ್ಸಿನ ಗುಣ, ಅಗಲ ನೋಟದ್ದು. ನಡುವಿನಿಂದ ದೂರ ಹೋದಷ್ಟೂ ಗೆರೆ ಹೊರಕ್ಕೆ ಉಬ್ಬುತ್ತದೆ. ಲೆನ್ಸ್ ಬಗ್ಗಿಸಿದ್ದನ್ನು ಕಂಪನಿಯ ಆ್ಯಪ್ ತೆಗೆದ ಕೂಡಲೇ ಲೆಕ್ಕ ಹಾಕಿ ನೇರ ಮಾಡುತ್ತದೆ. ಬೇರೆ ಆ್ಯಪ್‌ಗೆ ಆ ತಿದ್ದುಪಡಿ ಕೆಲವು ಫೋನುಗಳಲ್ಲಿ ಸಿಗುವುದೇ ಇಲ್ಲ.

ಶಿರಸಿ ಭಾವ: ನೋಡಿದೆಯಾ? ಕಂಪನಿ ಆ್ಯಪೇ ಗೆದ್ದಿತು.

ದೊಡ್ಡಮ್ಮ: ಗೆದ್ದದ್ದು ಸಾಕು. ಉಪನಯನದ ಗುಂಪು ಫೋಟೊ ತೆಗೆದದ್ದು ಅದೇ ಆ್ಯಪ್‌ನಲ್ಲಿ. ಅಂಚಿಗೆ ನಿಂತ ನನ್ನ ತಲೆ ಹಲಸಿನ ಹಣ್ಣಿನಷ್ಟಾಗಿದೆ. ಊರೆಲ್ಲ ಹಂಚಿದ್ದೀರಿ.

ಗುಂಪು ಸ್ವಲ್ಪ ಹೊತ್ತು ತಣ್ಣಗಾಯಿತು. ಆ ಫೋಟೊವನ್ನು ಹಂಚಿದವರಲ್ಲಿ ಎಲ್ಲರೂ ಇದ್ದರು.

ನಾನು: ದೊಡ್ಡಮ್ಮ, ಅದು ಆ ತಿದ್ದುಪಡಿಯ ಫಲವೇ. 0.5 ಲೆನ್ಸ್ ಸುಮಾರು 120 ಡಿಗ್ರಿ ಅಗಲ ನೋಡುತ್ತದೆ. ಅಷ್ಟನ್ನು ಚಪ್ಪಟೆ ಚಿತ್ರಕ್ಕೆ ಇಳಿಸುವಾಗ ಜಗಲಿಯ ಕಂಬ, ಬಾಗಿಲು ನೇರ ಇರಲಿ ಅಂದರೆ ಅಂಚಿನ ಮುಖ ಹೊರಕ್ಕೆ ಎಳೆಯುತ್ತದೆ. ಮುಖ ಸರಿ ಇರಲಿ ಅಂದರೆ ಕಂಬ ಬಗ್ಗುತ್ತದೆ. ಇಡೀ ಚಿತ್ರಕ್ಕೆ ಒಂದೇ ಲೆಕ್ಕ ಹಾಕಿದರೆ ಎರಡೂ ಒಟ್ಟಿಗೆ ಸಿಗುವುದಿಲ್ಲ. 2019ರಲ್ಲಿ ಗೂಗಲ್‌ನವರು ಮುಖವನ್ನು ಮಾತ್ರ ಬೇರೆ ಲೆಕ್ಕದಲ್ಲಿ ತಿದ್ದಿ, ಹಿಂದಿನ ಗೋಡೆಯನ್ನು ನೇರವೇ ಉಳಿಸುವ ಉಪಾಯ ಪ್ರಕಟಿಸಿದರು. ನಮ್ಮ ಅಂಗಳಕ್ಕೆ ಅದೆಲ್ಲ ಬೇಡ. 1 ಎಕ್ಸ್, ಅಂದರೆ ಮಾಮೂಲಿ ಲೆನ್ಸ್ ಹಾಕಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ ತೆಗೆದರಾಯಿತು.

ಶಿರಸಿ ಭಾವ: ಹಿಂದೆ ಹೋದರೆ ಕೊಟ್ಟಿಗೆ.

ಬೆಂಗಳೂರು ತಮ್ಮ: ಸೆಲ್ಫಿಯೂ ಹಾಗೇ. 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿದ್ದರು. ಒಂದೂವರೆ ಮೀಟರ್ ದೂರದಿಂದ ತೆಗೆದದ್ದಕ್ಕಿಂತ 30 ಸೆಂಟಿಮೀಟರ್‌ನಿಂದ ತೆಗೆದರೆ ಮೂಗು ಸುಮಾರು ಶೇ 30ರಷ್ಟು ಅಗಲ ಕಾಣುತ್ತದಂತೆ. ಅದಕ್ಕೆ ಯಾವ ಆ್ಯಪನ್ನೂ ಬಯ್ಯುವ ಹಾಗಿಲ್ಲ, ಕೈ ಉದ್ದ ಇರಬೇಕು.

ದೊಡ್ಡಮ್ಮ: ಮುಂದಿನ ಸಲ ಮಧ್ಯ ನಾನು. ಅಂಚಿಗೆ ಅಳಿಯಂದಿರು.

ಶಿರಸಿ ಭಾವ: ಆಯಿತು. ಅಡಿಕೆಯನ್ನು ಬಿಳಿ ಪಂಚೆ ಮೇಲೆ ಇಟ್ಟು ಮೂರರಲ್ಲೂ ಮತ್ತೆ ತೆಗೆಯುತ್ತೇನೆ. ಒಂದೇ ದೂರ, ಒಂದೇ ಬಿಸಿಲು. ಡಾಕ್ಯುಮೆಂಟ್ ಮಾಡಿ ಹಾಕುತ್ತೇನೆ. ಆಗಲೂ ಒಂದನೆಯದೇ ಚೆಂದ ಬಂದರೆ?

ನಾನು: ಚೆಂದ ಕೇಳಬೇಡಿ. ನಾಲ್ಕು ಅಡಿಕೆ ಅಂಗೈಯಲ್ಲಿ ಹಿಡಿದು ಪರದೆ ಪಕ್ಕ ಇಟ್ಟು ನೋಡಿ, ಯಾವುದು ಹೊಂದುತ್ತದೋ ಅದು. ಪಂಚೆಗೆ ನೀಲಿ ಹಾಕಿ ಒಗೆದಿದ್ದೀರಾ? ಹಾಗಿದ್ದರೆ ಅದೂ ಬೇಡ, ಮತ್ತೆ ನೀಲಿಯೇ ಆಯಿತಲ್ಲ.

ಕಾರವಾರ ಅಕ್ಕ: ನೀಲಿ ಹಾಳಾಗಲಿ. ಅಡಿಕೆ ಇನ್ನೂ ಪೂರ್ತಿ ಒಣಗಿಲ್ಲ ಅಲ್ವಾ? ತೊಗರಿನ ಕಲೆ ಪಂಚೆಯಿಂದ ಜನ್ಮದಲ್ಲಿ ಹೋಗುವುದಿಲ್ಲ.

ಶಿರಸಿ ಭಾವ: ಹಾಸಿ ಆಯಿತು.